ಕರಾರಿಲ್ಲದ ಚಾವಣಿ

ಟೊಬೇಗೊ ದ್ವೀಪದ ನಮ್ಮ ಕಡಲೂರಿನಲ್ಲಿ ಮೀನು ಮಾರುವ ನನಗೆ, ಕೋರ್ಟಿನ ನಿವೃತ್ತ ಗುಮಾಸ್ತ ಕ್ವಾಶಿಯವರಷ್ಟು ತಲೆನೋವಿನ ಗಿರಾಕಿ ಇನ್ನೊಬ್ಬರಿಲ್ಲ. ಬೆಲೆ ಕೂಗಿದರೆ, "ಇದು ಪ್ರಸ್ತಾವವೋ, ಬರೀ ಚೌಕಾಶಿಗೆ ಕರೆಯೋ?" ಎನ್ನುತ್ತಾರೆ. ನಾನು ತಲೆಯಾಡಿಸಿದರೆ ಒಪ್ಪಿಗೆಯಂತೆ, ಅವರು ಕೊಡುವ ನಾಣ್ಯ ಪ್ರತಿಫಲವಂತೆ; ಟ್ಯೂನಾ ಎಂದು ಹೇಳಿ ಬಂಗುಡೆ ಹಾಕಿದರೆ ಕರಾರು ಮುರಿದೆನೆಂದು ಪರಿಹಾರಕ್ಕೆ ಇನ್ನೊಂದು ಮೀನು ಕೇಳುತ್ತಾರೆ. "ಅಂಕಲ್, ಬೇಗ ಹೇಳಿ, ಮೀನು ಕೊಳೀತದೆ!" ಅಂದರೆ, "ಒತ್ತಾಯದ ಒಪ್ಪಿಗೆ ಊರ್ಜಿತವಲ್ಲ ಮಗಳೇ" ಎಂಬ ಉತ್ತರ ಸಿದ್ಧ. ಈಚೆಗೆ ಬಿರುಗಾಳಿಯೊಂದು ಅವರ ಮನೆಯ ಚಾವಣಿಯನ್ನೇ ಹಾರಿಸಿತು. ಮಳೆಗೆ ಮುನ್ನ ಹೊದಿಸಲೇಬೇಕಿತ್ತು. ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿಯುವ ನಮ್ಮೂರ ಮುಯ್ಯಾಳು ಪದ್ಧತಿಯಂತೆ, ಯಾರೂ ಕರೆಯದೆ ಎಲ್ಲರೂ ತಗಡು, ಸುತ್ತಿಗೆ ಹಿಡಿದು ಹೋದೆವು. ಕ್ವಾಶಿಯವರು ಏಣಿಯ ಬುಡದಲ್ಲಿ ನಿಂತು ಗೋಳಾಡಿದರು: "ನಾನು ಕೇಳಲಿಲ್ಲ, ನೀವು ಒಪ್ಪಲಿಲ್ಲ, ಪ್ರತಿಫಲವೂ ಇಲ್ಲ. ಇದು ಕರಾರೇ ಅಲ್ಲ!" "ಕರಾರು ಆಮೇಲೆ, ಮೊದಲು ಏಣಿ ಹಿಡೀರಿ ಅಂಕಲ್," ಎಂದು ಮೇಲಿನಿಂದ ಗದರಿದೆ. ಸಂಜೆಗೆ ಅರ್ಧ ಚಾವಣಿ ಬಾಕಿಯಿತ್ತು. ಹೊರಟ ನನ್ನ ತೋಳು ಹಿಡಿದು ಅವರು ಮೆಲ್ಲಗೆ ಕೇಳಿದರು: "ನಾಳೆ ನೀವು ಬರದಿದ್ದರೆ ನಾನು ಯಾವ ಕೋರ್ಟಿಗೂ ಹೋಗೋ ಹಾಗಿಲ್ಲ, ಅಲ್ವಾ?" "ಹೌದು ಅಂಕಲ್," ಎಂದೆ. "ಅದಕ್ಕೇ ಬರ್ತೀವಿ."