ಹಲಗೆ ಕೊಯ್ಯಲು ಬಿಡದ ಬಂಗಾರಕ್ಕ

ನನ್ನ ಗಂಡನ ಅತ್ತಿಗೆ ಬಂಗಾರಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕಡಲು ಸೇರುವ ಕಾಸರಕೋಡಿನ ಹೊಳೆಯಲ್ಲಿ ನೀರು ಯಾವಾಗ ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬುದನ್ನು ಅವಳನ್ನೇ ಕೇಳಬೇಕು. ದಿನಾ ಇಳಿತದಲ್ಲಿ ಸೊಂಟಮಟ್ಟ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವವಳು. ಅವಳು ನಕ್ಕರೆ ಆಚೆ ದಡದ ಹೊನ್ನಾವರಕ್ಕೂ ಕೇಳುತ್ತದೆಂದು ಅವಳ ಗಂಡ ದೇವಪ್ಪ ಭಾವ ಹಂಗಿಸುತ್ತಿದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ ಭಾವ ತಮ್ಮ ಹಾಯಿದೋಣಿಯೊಳಗೆ ಹಳೆಯದೊಂದು ಎಂಜಿನ್ ಕೂರಿಸಿದರು. ನಾಲ್ಕೇ ತಿಂಗಳಿಗೆ ಅದು ಹೊಗೆ ಉಗುಳಿ ನಿಂತುಬಿಟ್ಟಿತು. ಹೊರಗೆ ತೆಗೆದು ಮುಂಬಯಿಗೆ ಕಳಿಸಬೇಕೆಂದ, ರಿಪೇರಿಗೆ ಬಂದ ಮಿಸ್ತ್ರಿ. ಬೋಲ್ಟು ಬಿಚ್ಚಿ, ಎಂಟು ಜನ ಹಗ್ಗ ಕಟ್ಟಿ ಎತ್ತಿದರೂ ಅಲುಗಲಿಲ್ಲ.

"ದೋಣಿಯ ಮಗ್ಗುಲು ಕೊಯ್ಯೂದೇ ದಾರಿ," ಎಂದ ಮಿಸ್ತ್ರಿ.

ಆ ಹಲಗೆಗಳನ್ನು ಜೋಡಿಸಿದವನು ಬಂಗಾರಕ್ಕನ ಅಪ್ಪ ಶನಿಯಾರ. ಅವನು ಸಾಯುವ ಮುಂಚೆ ಕಟ್ಟಿದ ಕೊನೆಯ ದೋಣಿ ಅದು.

"ಗರಗಸ ಮುಟ್ಟಿದ್ರೆ ನೋಡು!" ಬಂಗಾರಕ್ಕ ಅಡ್ಡ ನಿಂತಳು. "ಎತ್ತೂದು ಎಂತಕ್ಕೆ ಮಾರಾಯ? ಎಂಜಿನ್ ಅಲ್ಲೇ ಇರಲಿ, ದೋಣಿ ಕೆಳಗೆ ಹೋಗಲಿ."

"ಮುಳುಗಿಸೂದಾ ಹಾಗಾರೆ?" ಎಂದರು ಭಾವ.

"ನಿಮ್ಮ ತಲೆ! ನಾಡಿದ್ದು ಹುಣ್ಣಿಮೆ. ತುಂಬು ನೀರಲ್ಲಿ ಎಂಜಿನ್ನು ದೋಣಿ ನಿಲ್ಲಿಸೂ ದಕ್ಕೆಯ ತೊಲೆಗೆ ಕಟ್ಟಿ. ಸಂಜೆಗೆ ನೀರು ಆಳೆತ್ತರ ಇಳೀತದೆ."

"ಎರಡು ದಿನ ಕಾಯೂಕೆ ನಂಗೆ ಪುರುಸೊತ್ತಿಲ್ಲ," ಎಂದ ಮಿಸ್ತ್ರಿ.

"ಕೊಯ್ದ ಹಲಗೆ ಮತ್ತೆ ಕೂರಿಸೂಕೆ ಎಷ್ಟು ದಿನ ಬೇಕು? ಅದು ಹೇಳು ಮೊದಲು."

ಮಿಸ್ತ್ರಿ ಗರಗಸವನ್ನು ಚೀಲಕ್ಕೆ ಹಾಕಿದ.

ಹುಣ್ಣಿಮೆಯ ದಿನ ಹೊತ್ತೇರುವಾಗ ದೋಣಿಯನ್ನು ದಕ್ಕೆಯ ಎರಡು ಕಂಬಗಳ ನಡುವೆ ತಂದರು. ಮೇಲಿನ ತೊಲೆಗೆ ಎಂಜಿನ್ನನ್ನು ಸರಪಳಿಯಿಂದ ಬಿಗಿದರು. ದೋಣಿ ಸಾಗಿಸಲು ಮತ್ತೆ ಬಿಗಿದಿದ್ದ ಬೋಲ್ಟುಗಳನ್ನು ಮಿಸ್ತ್ರಿ ಗೊಣಗುತ್ತಲೇ ಬಿಚ್ಚಿದ. ನೀರು ಇಳಿದ ಹಾಗೆ ದೋಣಿಯೂ ಇಳಿಯಿತು, ಎಂಜಿನ್ ಮಾತ್ರ ತೊಟ್ಟಿಲಿನಂತೆ ನೇತಾಡುತ್ತ ಉಳಿಯಿತು. ನಾಲ್ಕು ಗಂಟೆಗೆ ಅದರ ಬುಡ ದೋಣಿಯ ಅಂಚಿಗಿಂತ ಗೇಣು ಮೇಲಿತ್ತು. ಗಂಡಸರೆಲ್ಲ ಕೇಕೆ ಹಾಕಿದರು. ಮಿಸ್ತ್ರಿ ಬೀಡಿ ಹಚ್ಚಿ ಕೂತೇಬಿಟ್ಟ.

"ಕುಣಿಯೂದು ಆಮೇಲೆ!" ಬಂಗಾರಕ್ಕ ಕೂಗಿದಳು. "ನೀರು ತಿರುಗಿ ಬರ್ತದೆ, ದೋಣಿ ಎಳೀರಿ!"

ಹೇಳಿದವಳೇ ಸೀರೆ ಎತ್ತಿಕಟ್ಟಿ ನೀರಿಗೆ ಹಾರಿ ಹೆಗಲು ಕೊಟ್ಟಳು. ನಾನೂ ಹಾರಿದೆ. ದೋಣಿ ಜಾರಿ ಹೊರಗೆ ಬಂತು. ಅದರ ಜಾಗಕ್ಕೆ ಹೊಳೆ ದಾಟಿಸುವ ಚಪ್ಪಟೆ ದೋಣಿಯನ್ನು ನೂಕಿದೆವು. ನೀರು ಏರಿದಾಗ ಅದೇ ಮೇಲೆದ್ದು ಎಂಜಿನ್ನನ್ನು ಮಡಿಲಿಗೆ ತೆಗೆದುಕೊಂಡಿತು.

ಎಂಜಿನ್ ಮುಂಬಯಿಗೆ ಹೋಯಿತು. ಮಗ್ಗುಲು ಕೊಯ್ಯದ ದೋಣಿ ಮೂರನೇ ದಿನವೇ ಹಾಯಿ ಬಿಚ್ಚಿ, ತೆಂಗಿನಕಾಯಿ ಹೇರಿಕೊಂಡು ಭಟ್ಕಳಕ್ಕೆ ಹೊರಟಿತು. ಬಂಗಾರಕ್ಕ ಹಿಂದಿನ ದಿನವೆಲ್ಲ ಕೂತು ಅಪ್ಪನ ಹಲಗೆಗಳಿಗೆ ಮೀನೆಣ್ಣೆ ಬಳಿದಿದ್ದಳು.

"ನನಗೊಂದು ದಿನ ಹೀಗೆ ಎಣ್ಣೆ ಹಚ್ಚಿದ್ದುಂಟಾ?" ಎಂದು ಭಾವ ದೋಣಿಯಿಂದಲೇ ಕೂಗಿದರು.

"ನಿಮ್ಮನ್ನೆಂತ ನನ್ನ ಅಪ್ಪ ಕಟ್ಟಿದ್ನಾ?" ಎಂದಳು ಬಂಗಾರಕ್ಕ.