ಒಂದನೇ ಸಾಲಿನ ತಪ್ಪು

ಆನೆಕೊಂಡದ ಕೊಟ್ಟೂರೇಶ್ ಅವರಿಗೆ ಯಾವತ್ತೂ ಯಾವ ತಪ್ಪೂ ತಮ್ಮದಲ್ಲ. ಲೂನಾ ಕೆಟ್ಟರೆ ಪೆಟ್ರೋಲ್ ಹಾಕಿದವನ ತಪ್ಪು, ಚಹಾ ಸಪ್ಪೆಯಾದರೆ ಎಮ್ಮೆಯ ತಪ್ಪು. ಪಿ.ಜೆ. ಬಡಾವಣೆಯ ನಮ್ಮ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿಗೆ ಕಂಪ್ಯೂಟರ್ ಬಂದಾಗ ಅದನ್ನು ನೋಡಿಕೊಳ್ಳಲು ಅದರ ಹಿಂದೆಯೇ ಇವರೂ ಬಂದರು. ಬಿಲ್ ಬರೆಯುತ್ತಿದ್ದ ನಾನು, ಅಂದರೆ ಪುಷ್ಪಲತಾ, ಪಕ್ಕದ ಮೇಜಿನಲ್ಲಿ ಕೂತು ಆ ಮನುಷ್ಯನನ್ನು ವರ್ಷಗಟ್ಟಲೆ ಸಹಿಸಿಕೊಂಡಿದ್ದೇನೆ. ಅದಕ್ಕೊಂದು ಶಾಲು ಹೊದಿಸಿದವರಿಲ್ಲ.

ನಮ್ಮದೇ ಇನ್ನೊಂದು ಅಂಗಡಿ ಹರಿಹರದಲ್ಲಿತ್ತು. ಅಲ್ಲಿನ ಕಂಪ್ಯೂಟರ್ ಕೆಲಸ ಹಿದಾಯತ್ ಅವರದು. 1999ರಲ್ಲಿ ಕೊಟ್ಟೂರೇಶ್ ಹೊಸ ಏರ್ಪಾಡು ಮಾಡಿದರು. ಹಿದಾಯತ್ ಸಂಜೆ ಆ ದಿನದ ಸ್ಟಾಕನ್ನು ಎಕ್ಸ್‌ಎಂಎಲ್ ಎಂಬ ಹೊಸ ನಮೂನೆಯಲ್ಲಿ ಬರೆದು ಡೇಟಾಬೇಸಿಗೆ ಹಾಕಬೇಕು. ಬೆಳಿಗ್ಗೆ ನಮ್ಮ ಕಂಪ್ಯೂಟರ್ ಫೋನ್ ಲೈನಿನಲ್ಲಿ ಅಲ್ಲಿಗೆ ಕನೆಕ್ಷನ್ ಮಾಡಿ ಅದನ್ನು ಓದಿಕೊಳ್ಳಬೇಕು. ಕನೆಕ್ಷನ್ ಆಗುತ್ತಿತ್ತು. ಓದುವುದು ಮಾತ್ರ ಆಗುತ್ತಿರಲಿಲ್ಲ. ಒಂದನೇ ಸಾಲಿನಲ್ಲಿ ತಪ್ಪಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಪರದೆ ಸುಮ್ಮನಾಗುತ್ತಿತ್ತು.

ಕೊಟ್ಟೂರೇಶ್ ಲೈನ್‌ಮನ್‌ನನ್ನು ಬೈದರು. ವೈರು ಬದಲಿಸಿದರು, ಮೋಡೆಮ್ ಬದಲಿಸಿದರು, ಹೊಸ ಮೋಡೆಮ್ಮಿಗೆ ವಿಭೂತಿ ಹಚ್ಚಿದರು. ಊಹೂಂ!

ವಿಚಿತ್ರವೆಂದರೆ, ಹಿದಾಯತ್ ರಜೆ ಹಾಕಿದ ದಿನ ಎಲ್ಲ ಸರಾಗ. ಅವರ ಹೆಂಡತಿ ದಿಲ್ಷಾದ್ ಬೇಗಂ ಚೊಚ್ಚಲ ಬಸುರಿ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಅಂಗಡಿ ಯಜಮಾನರ ಅಕ್ಕನ ಮಗ ಸಂತೋಷ ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ಮರುದಿನ ಬೆಳಿಗ್ಗೆ ನಮ್ಮಲ್ಲಿ ಸ್ಟಾಕು ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತಿತ್ತು.

ಎರಡೂ ಅಂಗಡಿಗಳ ಯಜಮಾನರು ಶಿವಮೂರ್ತಿ. ಅವರಿಗೆ ರೇಗಿಹೋಯಿತು. "ಅಂದ್ರ ಆ ಹಿದಾಯತ್‌ನೇ ಏನೋ ಎಡವಟ್ಟು ಮಾಡ್ತಾನೆ. ಸೋಮವಾರದಿಂದ ಬರಾದು ಬ್ಯಾಡ ಅಂತ ಹೇಳಿಬಿಡ್ತೀನಿ."

"ನಾನೂ ಅದನ್ನೇ ಅಂತಿದ್ದೆ ಯಜಮಾನ್ರೆ" ಎಂದರು ಕೊಟ್ಟೂರೇಶ್. ಅದುವರೆಗೆ ಒಮ್ಮೆಯೂ ಹಾಗೆ ಅಂದವರಲ್ಲ!

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಮಗು ಬರುವ ಹೊತ್ತಿನಲ್ಲಿ ಆ ಮನುಷ್ಯನ ಕೆಲಸ ಕಳೆಯುವುದೇ? ಹಿದಾಯತ್ ಬರೆದದ್ದೊಂದು, ಸಂತೋಷ ಬರೆದದ್ದೊಂದು ಪ್ರಿಂಟ್ ತೆಗೆಸಿ, ಎರಡನ್ನೂ ಕೊಟ್ಟೂರೇಶರ ಮೇಜಿನ ಮೇಲೆ ಬಡಿದೆ.

"ಒಂದನೇ ಸಾಲು, ಒಂದನೇ ಸಾಲು ಅಂತ ಅದು ಬಾಯಿ ಬಡಕಂತಾ ಐತೆ. ಆ ಸಾಲು ನೋಡೀರೇನ್ರಿ?"

"ದಿನಾ ನೋಡ್ತೀನಿ. ಅದ್ರಾಗೆ ತಪ್ಪು ಹೆಂಗೆ ಇರ್ತೈತೆ ಪುಷ್ಪಕ್ಕ? ಅದು ದೇವ್ರ ಹೆಸರು."

ಹಿದಾಯತ್‌ರ ಹಾಳೆಯ ನೆತ್ತಿಯ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ, 'ಶ್ರೀ ಗುರು ಬಸವಲಿಂಗಾಯ ನಮಃ' ಎಂದಿತ್ತು. ದೇವರನ್ನು ನೆನೆಯದೆ ಲೆಕ್ಕ ಶುರು ಮಾಡುವ ಪದ್ಧತಿ ನಮ್ಮ ಅಂಗಡಿಗಳಲ್ಲಿ ಇಲ್ಲ. ಕಂಪ್ಯೂಟರಿಗೂ ಅದೇ ಪದ್ಧತಿ ಎಂದು ಅಪ್ಪಣೆ ಮಾಡಿದವರು ಕೊಟ್ಟೂರೇಶರೇ. ಸೋಮಾರಿ ಸಂತೋಷ ಬರೆದಿರಲಿಲ್ಲ, ಅವನದು ಓದಿಸಿಕೊಂಡಿತು. ಎಕ್ಸ್‌ಎಂಎಲ್‌ಗೆ ತನ್ನ ಗುರುತಿನ ಸಾಲೇ ಎಲ್ಲಕ್ಕಿಂತ ಮೇಲಿರಬೇಕು. ಅದಕ್ಕಿಂತ ಮೊದಲು ಏನಿದ್ದರೂ ಮುಂದೆ ಓದುವುದಿಲ್ಲ. ಇವರ ಮೇಜಿನ ಮೇಲಿದ್ದ ದಪ್ಪ ಪುಸ್ತಕದಲ್ಲೇ ಅದು ಅಚ್ಚಾಗಿತ್ತು; ಆ ಪುಟ ತೆಗೆದು ಅವರ ಮುಂದೆ ಹಿಡಿದೆ. ಈ ಪುಣ್ಯಾತ್ಮರು ದಿನಾ ಒಂದನೇ ಸಾಲಿಗೆ ಕೈಮುಗಿದು, ಎರಡನೇ ಸಾಲಿನಿಂದ ತಪ್ಪು ಹುಡುಕುತ್ತಿದ್ದರು!

ಕೊಟ್ಟೂರೇಶ್ ಅದನ್ನು ಎರಡು ಸಲ ಓದಿದರು. ಒಂದು ಚೊಂಬು ನೀರು ಕುಡಿದರು.

"ಯಜಮಾನ್ರಿಗೆ ನಾ ಹೇಳ್ಲೇನ್ರಿ?" ಎಂದೆ.

"ಬ್ಯಾಡ" ಎಂದು ಎದ್ದರು. ಗಿರಾಕಿಗಳೆಲ್ಲ ನಿಂತಿದ್ದಾಗಲೇ ಗಲ್ಲಾದ ಮುಂದೆ ಹೋಗಿ ಹೇಳಿದರು. "ಯಜಮಾನ್ರೆ, ಹಿದಾಯತ್‌ದು ಏನೂ ತಪ್ಪಿಲ್ಲ. ತಪ್ಪು ನಂದು."

"ಏನಂದ್ರಿ? ಇನ್ನೊಂದ್ಸಲ ಹೇಳ್ರಿ" ಎಂದರು ಯಜಮಾನರು. ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಪಾಪ, ಕೊಟ್ಟೂರೇಶ್ ಇನ್ನೊಮ್ಮೆ ಹೇಳಿದರು. ಅವತ್ತು ಮೊದಲ ಬಾರಿಗೆ ಆ ಮನುಷ್ಯನ ಮೇಲೆ ನನಗೆ ಗೌರವ ಬಂತು.

ಅವತ್ತೇ ಬಸ್ ಹತ್ತಿ ಇಬ್ಬರೂ ಹರಿಹರಕ್ಕೆ ಹೋದೆವು. ಕೆಲಸ ಹೋಗುತ್ತದೆಂಬ ಸುದ್ದಿ ಹಿದಾಯತ್‌ಗೆ ಆಗಲೇ ಮುಟ್ಟಿತ್ತು. ನಮ್ಮನ್ನು ಕಂಡು ಎದ್ದು ನಿಂತರು, "ಬರ್ರಿ ಅಣ್ಣಾ, ಕೂಡ್ರಿ" ಎಂದರು.

"ನಿನ್ ಕೆಲ್ಸಕ್ಕೇನೂ ಆಗಲ್ಲಪ್ಪ. ಎಲ್ಲಾ ನನ್ನಿಂದ್ಲೇ ಆಗಿದ್ದು" ಎಂದು ಕೊಟ್ಟೂರೇಶ್ ನಡೆದದ್ದನ್ನೆಲ್ಲ ಹೇಳಿದರು. "ಮ್ಯಾಲಿನ ಸಾಲು ಅಳಸಿಬಿಡು."

ಹಿದಾಯತ್ ಕೀಬೋರ್ಡಿನ ಮೇಲಿಟ್ಟ ಕೈ ಹಿಂದಕ್ಕೆ ತೆಗೆದರು.

"ನೀವು ಬರಿ ಅಂದ್ರಿ, ದಿನಾ ಕೈ ತೊಳಕಂಡು ಬರದೀನಿ. ಅಳಸಾದು ನನ್ ಕೈಲಿ ಆಗಲ್ಲ ಅಣ್ಣಾ. ನೀವೇ ಅಳಸ್ರಿ."

ಕೊಟ್ಟೂರೇಶ್ ಕುರ್ಚಿ ಎಳೆದುಕೊಂಡು ಕೂತರು. ಕಣ್ಣು ತುಂಬಿ ಅವರಿಗೆ ಪರದೆಯೇ ಕಾಣದಾಯಿತು; ಆ ಸಾಲು ಎಲ್ಲೈತೆ, ಸ್ವಲ್ಪ ತೋರ್ಸಪ್ಪ ಎಂದು ಹಿದಾಯತ್‌ರನ್ನೇ ಕೇಳಿದರು.