ತವರಿಗೆ ಹೋದ ಗೊರವ

ಇಂದು ಬೆಳಗ್ಗೆ ಸಂಕ್ರಾಂತಿಗೆಂದು ಸಜ್ಜೆ ರೊಟ್ಟಿ ಮಾಡುತ್ತಿದ್ದೆ. ಹಂಚಿನ ಮೇಲೆ ಎಳ್ಳು ಸಿಡಿದು ವಾಸನೆ ಎದ್ದಿತು ನೋಡಿ, ಪಕ್ಕದ ಮನೆಯ ದೊಡ್ಡವ್ವ ನೆನಪಾದರು. ರಕ್ತಸಂಬಂಧವೇನಲ್ಲ. ನಾನು ಸಿಂಧನೂರಿಗೆ ಸೊಸೆಯಾಗಿ ಬಂದಾಗ ಈ ರೊಟ್ಟಿ ತಟ್ಟಲು ಕಲಿಸಿದವರು. ದೇವರು ಕೊಟ್ಟ ನೆರೆ.

ಆಗ ನಮ್ಮ ಮಾಳಿಗೆಯ ಕೋಣೆಯಲ್ಲಿ ಹಕ್ಕಿಗಳ ಅಧ್ಯಯನಕ್ಕೆ ಬಂದ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ವಳಕಮದಿನ್ನಿಯ ಗದ್ದೆಯಲ್ಲಿ ಗೊರವವೆಂಬ ಉದ್ದ ಕೊಕ್ಕಿನ ಹಕ್ಕಿಯನ್ನು ಹಿಡಿದು, ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಬಿಟ್ಟಿದ್ದಳು. ಹಕ್ಕಿ ಎಲ್ಲಿದೆಯೆಂದು ಅದು ಉಪಗ್ರಹಕ್ಕೆ ತಿಳಿಸುತ್ತದೆ, ಉಪಗ್ರಹ ಇವಳ ಫೋನಿಗೆ. ಬೇಸಿಗೆಗೆ ಗೊರವ ಹಿಮಾಲಯ ದಾಟಿ ಮೊಟ್ಟೆಯಿಡಲು ಹೋಗುತ್ತದಂತೆ.

"ಹಡಿಯಾಕ ಹೊಂಟಾಳಂದ್ರ ಅದು ತವರುಮನಿ," ಎಂದರು ದೊಡ್ಡವ್ವ. "ತವರಿಗೆ ಹೋಗೋ ಹೆಣ್ಣಿಗೆ ಬುತ್ತಿ ಕಟ್ತಾರ, ನೀ ಹೊರಿ ಕಟ್ಟೀಯಲ್ಲ ಬೇ!"

"ಹಗುರ ಐತ್ರೀ, ತೂಕ ನೋಡೇ ಕಟ್ಟೀನಿ," ಎಂದು ಹುಡುಗಿ ನಕ್ಕಳು.

ಯುಗಾದಿ ಮುಗಿದ ಮೇಲೆ ಗೊರವ ಹೊರಟಿತು. ಫೋನಿನ ನಕ್ಷೆಯಲ್ಲಿ ಚುಕ್ಕೆ ಉತ್ತರಕ್ಕೆ ಸರಿಯುತ್ತ ಹೋಗಿ, ಬೆಟ್ಟಗಳ ಹತ್ತಿರ ನಿಂತುಬಿಟ್ಟಿತು... ವಾರಗಟ್ಟಲೆ ಸುದ್ದಿಯಿಲ್ಲ. ತಾನು ಕಟ್ಟಿದ ಭಾರವೇ ಅದನ್ನು ಕೊಂದಿತೆಂದು ಹುಡುಗಿ ಊಟ ಬಿಟ್ಟಳು. ಬೈದಿದ್ದ ದೊಡ್ಡವ್ವನೇ ರೊಟ್ಟಿ ಹಿಡಿದು ಮಾಳಿಗೆ ಹತ್ತಿದರು.

"ಇಲ್ಲೇ ಸಂತೆಕಲ್ಲೂರಿಗೆ ಹೋದ ನನ್ನ ಮಗಂದೇ ಫೋನ್ ಹತ್ತಂಗಿಲ್ಲ, ಹಿಮಾಲಯದಾಗ ಹತ್ತತೈತೇನ? ಉಣ್ಣು ಮೊದಲ!"

ಆಮೇಲೆ ದಿನಾ ಸಂಜೆ ದೀಪ ಹಚ್ಚುವಾಗ ದೊಡ್ಡವ್ವ, ನಾನು ಇಬ್ಬರೂ ಆ ಹಕ್ಕಿಗಾಗಿಯೂ ಕೈಮುಗಿಯುತ್ತಿದ್ದೆವು.

ಕಾರಹುಣ್ಣಿಮೆಯ ಹೊತ್ತಿಗೆ ಹುಡುಗಿ ಮೆಟ್ಟಿಲಿಳಿದು ಓಡಿಬಂದಳು. ಚುಕ್ಕೆ ಮತ್ತೆ ಕಂಡಿತ್ತು, ಬೆಟ್ಟಗಳ ಆಚೆ! ಅದು ಬಿಸಿಲಿನಿಂದ ನಡೆಯುವ ಯಂತ್ರ, ಮೋಡ ಕವಿದು ಬಿಸಿಲು ಸಿಕ್ಕಿರಲಿಲ್ಲವಂತೆ.

"ಮುಟ್ಯಾಳ್ರೀ ದೊಡ್ಡವ್ವ!"

"ಹಡದಾಳೇನ?"

"ಅದನ್ನ ಯಂತ್ರ ಹೇಳಂಗಿಲ್ರೀ."

"ಮತ್ತ ಅದೇನ ಯಂತ್ರ ಬೇ!" ಎನ್ನುತ್ತಲೇ ಅವಳ ಬಾಯಿಗೆ ಸಕ್ಕರೆ ಹಾಕಿದರು.

ಮುಂದೆ ಯಂತ್ರ ಕೆಟ್ಟಿತು. ಹುಡುಗಿ ಕೆಲಸ ಮುಗಿಸಿ ಹೋದಳು. ಹೋದ ವರ್ಷ ದೊಡ್ಡವ್ವನೂ... ಈಗ ಗೋಡೆಯಾಚೆಯಿಂದ ನನ್ನನ್ನು ಕರೆಯುವವರಿಲ್ಲ. ಇಷ್ಟು ವರ್ಷ ಇದ್ದರಲ್ಲ, ಅದೇ ದೇವರ ದಯೆ.

ಮಧ್ಯಾಹ್ನ ರೊಟ್ಟಿ ಕಟ್ಟಿಕೊಂಡು ಮನೆಯವರೆಲ್ಲ ವಳಕಮದಿನ್ನಿಗೆ ಹೋದೆವು. ನಾಟಿಗೆಂದು ನೀರು ಬಿಟ್ಟ ಗದ್ದೆಯ ಕೆಸರಲ್ಲಿ ಗೊರವಗಳ ದೊಡ್ಡ ಹಿಂಡು. ಯಾವುದರ ಬೆನ್ನ ಮೇಲೂ ಯಂತ್ರವಿಲ್ಲ. ಯಾವುದು ತಾಯಿ, ಯಾವುದು ಮಗಳು, ತಿಳಿಯಲಿಲ್ಲ. ಬದುವಿನ ಮೇಲೆ ಒಂದು ರೊಟ್ಟಿ ಮುರಿದಿಟ್ಟು, ಮೆಲ್ಲಗೆ ಹೇಳಿದೆ:

"ಹಡದಾಳ್ರೀ, ದೊಡ್ಡವ್ವ."